ಲುಕ್ ಆಫ್ಟರ್: ನಮ್ಮ ‘ನೋಡಿಕೊಳ್ಳು’ವಿನ ಬಂಧು

ಹತ್ತನೇ ತರಗತಿಯ ಹುಡುಗಿಯೊಬ್ಬಳು ರಜೆ ಅರ್ಜಿಯಲ್ಲಿ ಬರೆದಿದ್ದಳು: ‘ಐ ಲುಕ್ಡ್ ಮೈ ಗ್ರ್ಯಾಂಡ್‌ಮದರ್’. ಕಾಯಿಲೆ ಬಿದ್ದ ಅಜ್ಜಿಯನ್ನು ಎರಡು ದಿನ ನೋಡಿಕೊಂಡೆ ಎಂಬುದು ಅವಳ ಮನಸ್ಸಿನಲ್ಲಿದ್ದ ಮಾತು. ನಾನು ಕೆಂಪು ಗೆರೆ ಎಳೆಯಲಿಲ್ಲ. ಬೋರ್ಡಿನ ಮೇಲೆ ‘ನೋಡು’, ‘ನೋಡಿಕೊಳ್ಳು’ ಎಂದು ಅಕ್ಕಪಕ್ಕ ಬರೆದೆ. ‘ಕೊಳ್ಳು’ ಸೇರಿದೊಡನೆ ಕಣ್ಣಿನ ಕೆಲಸ ಆರೈಕೆಯ ಕೆಲಸವಾಗುತ್ತದೆ. ಇಂಗ್ಲಿಷಿನಲ್ಲಿ ‘ಲುಕ್’ಗೆ ‘ಆಫ್ಟರ್’ ಸೇರಿದಾಗಲೂ ಆಗುವುದು ಅದೇ. ಇಲ್ಲಿ ಆಫ್ಟರ್ ಎಂದರೆ ‘ಆಮೇಲೆ’ ಅಲ್ಲ. ಎರಡೂ ಪದ ಸೇರಿಯೇ ಒಂದು ಅರ್ಥ.

ಬಳಸುವಾಗ ಎರಡು ವಿಷಯ ನೆನಪಿರಲಿ. ಕಾಲ, ಕರ್ತೃ ಬದಲಾದಾಗ ರೂಪ ಬದಲಿಸುವುದು ‘ಲುಕ್’ ಮಾತ್ರ: ಲುಕ್ಸ್ ಆಫ್ಟರ್, ಲುಕ್ಡ್ ಆಫ್ಟರ್. ಯಾರನ್ನು ನೋಡಿಕೊಳ್ಳುತ್ತೇವೋ ಅವರ ಹೆಸರು ‘ಆಫ್ಟರ್’ ಆದಮೇಲೆಯೇ ಬರಬೇಕು, ನಡುವೆ ಅಲ್ಲ: ‘ಶಿ ಲುಕ್ಸ್ ಆಫ್ಟರ್ ದ ಬೇಬಿ’. ಮನುಷ್ಯರಿಗಷ್ಟೇ ಅಲ್ಲ, ಅಂಗಡಿ, ತೋಟ, ಲೆಕ್ಕಪತ್ರಕ್ಕೂ ಈ ಮಾತು ಸಲ್ಲುತ್ತದೆ. ‘ಲುಕ್ ಫಾರ್’ ಅಂದರೆ ಬೇರೆ, ಅದು ಹುಡುಕುವುದು.

ಇಂಗ್ಲಿಷ್ ಕಲಿಸುವವರಲ್ಲಿ ನನ್ನದೊಂದು ವಿನಂತಿ: ಇಂಥ ಮಾತುಗಳ ಪಟ್ಟಿ ಬಾಯಿಪಾಠ ಮಾಡಿಸುವ ಮೊದಲು, ‘ಇದಕ್ಕೆ ನಮ್ಮ ಮನೆಯಲ್ಲಿ ಏನನ್ನುತ್ತೇವೆ?’ ಎಂದು ಮಕ್ಕಳನ್ನೇ ಕೇಳಿ.