ಸೋತ ಅಧ್ಯಕ್ಷರ ಎರಡನೇ ಇನಿಂಗ್ಸ್

1831ರ ಡಿಸೆಂಬರಿನಲ್ಲಿ ವಾಷಿಂಗ್ಟನ್ನಿನ ಕೆಳಮನೆಗೆ ಹೊಸ ಸದಸ್ಯರೊಬ್ಬರು ಬಂದು ಕೂತರು. ಗಿಡ್ಡ ಆಳು, ಬೋಳು ತಲೆ, ವಯಸ್ಸು 64. ಮೂರು ವರ್ಷವೂ ಆಗಿರಲಿಲ್ಲ, ಇದೇ ಊರಿನ ಅಧ್ಯಕ್ಷರ ನಿವಾಸದಿಂದ ಸೋತು ಹೊರಬಿದ್ದಿದ್ದರು. ಹೆಸರು ಜಾನ್ ಕ್ವಿನ್ಸಿ ಆಡಮ್ಸ್. ದೇಶ ಆಳಿದವರು ಮತ್ತೆ ಸಾಮಾನ್ಯ ಸದಸ್ಯರಾಗಿ ಬರುವುದು ಮನೆಯವರಿಗೇ ಒಪ್ಪಿಗೆಯಾಗಿರಲಿಲ್ಲ. ಅವರು ಕೇಳಲಿಲ್ಲ.

ಹುಟ್ಟಿದ್ದೇ ರಾಜಕೀಯದ ಮಡಿಲಲ್ಲಿ. ಅಪ್ಪ ಜಾನ್ ಆಡಮ್ಸ್ ಅಮೆರಿಕದ ಎರಡನೇ ಅಧ್ಯಕ್ಷ. ಮಗ ಹದಿನಾಲ್ಕರಲ್ಲೇ ಅಮೆರಿಕದ ದೂತನೊಬ್ಬನ ಸಹಾಯಕನಾಗಿ ರಷ್ಯಾಕ್ಕೆ ಹೊರಟವನು. ಮುಂದೆ ವಿದೇಶಾಂಗ ಸಚಿವರಾಗಿ 1819ರಲ್ಲಿ ಸ್ಪೇನ್ ಜೊತೆ ಒಪ್ಪಂದ ಕುದುರಿಸಿ ಫ್ಲಾರಿಡಾವನ್ನು ದೇಶಕ್ಕೆ ಸೇರಿಸಿದರು. ಆಗಿನ ಅಧ್ಯಕ್ಷ ಮನ್ರೋ ಹೆಸರಿನಲ್ಲಿ ಪ್ರಸಿದ್ಧವಾದ 1823ರ ನೀತಿಯ ಹಿಂದೆಯೂ ಇವರ ತಲೆಯಿತ್ತು.

ಅಧ್ಯಕ್ಷಗಿರಿ ಮಾತ್ರ ಕೈ ಹಿಡಿಯಲಿಲ್ಲ. 1824ರ ಚುನಾವಣೆಯಲ್ಲಿ ಎದುರಾಳಿ ಜಾಕ್ಸನ್‌ಗೆ 99 ಎಲೆಕ್ಟೋರಲ್ ಮತ, ಇವರಿಗೆ 84. ಉಳಿದ ಮತ ಬೇರೆಯವರಿಗೆ ಹಂಚಿಹೋಗಿ, ಯಾರಿಗೂ ಬಹುಮತವಿಲ್ಲದೆ ತೀರ್ಮಾನ ಕೆಳಮನೆಗೆ ಹೋಯಿತು. ಅಲ್ಲಿ ಸಭಾಧ್ಯಕ್ಷ ಹೆನ್ರಿ ಕ್ಲೇ ಬೆಂಬಲದಿಂದ ಗೆದ್ದರು, ಗೆದ್ದವರು ಕ್ಲೇಯನ್ನೇ ವಿದೇಶಾಂಗ ಸಚಿವರನ್ನಾಗಿ ಮಾಡಿದರು. ಒಳಒಪ್ಪಂದದ ಕೂಗು ನಾಲ್ಕು ವರ್ಷವೂ ಬೆನ್ನು ಬಿಡಲಿಲ್ಲ. ಜನರನ್ನು ಒಲಿಸಿಕೊಳ್ಳುವ ಕಲೆಯೂ ಅವರಿಗೆ ಒಲಿದಿರಲಿಲ್ಲ ಅನ್ನಿ. ಬೆಳಗಿನ ಜಾವ ಪೊಟೊಮ್ಯಾಕ್ ನದಿಯಲ್ಲಿ ಈಜುವುದು, ಡೈರಿ ಬರೆಯುವುದು ಅವರಿಗೆ ಸಲೀಸು. ಆ ಡೈರಿಯೇ 51 ಸಂಪುಟಗಳಾಗಿ ಉಳಿದಿದೆ.

ಅಸಲಿ ಆಡಮ್ಸ್ ಕಾಣಿಸಿಕೊಂಡಿದ್ದು 1836ರ ಬಳಿಕ. ಗುಲಾಮಗಿರಿಯ ವಿರುದ್ಧ ಬರುವ ಯಾವ ಅರ್ಜಿಯನ್ನೂ ಚರ್ಚಿಸದೆ ಬದಿಗಿಡುವ ನಿಯಮವನ್ನು ಆ ವರ್ಷ ಸದನ ಮಾಡಿಕೊಂಡಿತು. ಅರ್ಜಿ ಹಾಕುವುದು ಪ್ರಜೆಯ ಹಕ್ಕು ಎಂದು ಮುದುಕರು ಹಠಕ್ಕೆ ಬಿದ್ದರು. 1837ರಲ್ಲಿ ಒಂದು ದಿನ ಎದ್ದು, ನನ್ನ ಬಳಿ 22 ಗುಲಾಮರದ್ದೆನ್ನುವ ಅರ್ಜಿಯಿದೆ, ಮಂಡಿಸಬಹುದೇ ಎಂದು ಸಭಾಧ್ಯಕ್ಷರನ್ನು ಕೇಳಿದರು. ದಕ್ಷಿಣದ ಸದಸ್ಯರು ಕೆಂಡವಾದರು, ಇವರನ್ನು ಖಂಡಿಸಬೇಕೆಂಬ ನಿರ್ಣಯವೂ ಬಂತು. ಎಲ್ಲರೂ ಕೂಗಾಡಿ ಸುಸ್ತಾಗಲು ಬಿಟ್ಟು ಆಮೇಲೆ ಹೇಳಿದರು: ಅರ್ಜಿಯಲ್ಲಿ ಕೇಳಿರುವುದು ಗುಲಾಮಗಿರಿಯ ರದ್ದತಿಯನ್ನಲ್ಲ, ಅದಕ್ಕೆ ತದ್ವಿರುದ್ಧವನ್ನು! ಕೀಟಲೆ ಹೌದು. ಆದರೆ ಯಾವ ವಿಷಯದ ಮೇಲೆ ಚರ್ಚೆಯೇ ಕೂಡದೆಂದು ಬಾಗಿಲು ಹಾಕಿದ್ದರೋ, ಅದರ ಮೇಲೇ ಸದನ ದಿನಗಟ್ಟಲೆ ಜಗಳಾಡಿತ್ತು.

ಈ ನಡುವೆ ಅಮಿಸ್ಟಾಡ್ ಹಡಗಿನ ಪ್ರಕರಣ ಬಂತು. ಆಫ್ರಿಕಾದಿಂದ ಅಪಹರಿಸಿ ಕ್ಯೂಬಾದಲ್ಲಿ ಮಾರಿದ್ದ ಜನ 1839ರಲ್ಲಿ ದಂಗೆಯೆದ್ದು ಹಡಗನ್ನೇ ವಶಪಡಿಸಿಕೊಂಡಿದ್ದರು. ಅಮೆರಿಕದ ಕರಾವಳಿಯಲ್ಲಿ ಸಿಕ್ಕಿಬಿದ್ದ ಅವರ ಪರವಾಗಿ ಸುಪ್ರೀಂ ಕೋರ್ಟಿನಲ್ಲಿ ವಾದಿಸಿದವರಲ್ಲಿ 73ರ ಆಡಮ್ಸ್ ಒಬ್ಬರು. ಆ ಕೋರ್ಟಿನಲ್ಲಿ ವಾದ ಮಾಡಿ ಮೂವತ್ತು ವರ್ಷದ ಮೇಲಾಗಿತ್ತು. ವಾದದ ಮಧ್ಯೆ ನ್ಯಾಯಮೂರ್ತಿಯೊಬ್ಬರು ತೀರಿಕೊಂಡು ವಿಚಾರಣೆ ಕೆಲದಿನ ನಿಂತಿತು. 1841ರ ಮಾರ್ಚ್ 9ರಂದು ತೀರ್ಪು: ಇವರು ಸ್ವತಂತ್ರರು. ಬದುಕುಳಿದ 35 ಮಂದಿ ಆಫ್ರಿಕಾಕ್ಕೆ ಮರಳಿದರು.

ಬಾಯಿ ಕಟ್ಟುವ ಆ ನಿಯಮ ಕೊನೆಗೆ 1844ರ ಡಿಸೆಂಬರಿನಲ್ಲಿ, ಆಡಮ್ಸ್ ತಂದ ನಿರ್ಣಯದಿಂದಲೇ ಬಿದ್ದುಹೋಯಿತು.

1848ರ ಫೆಬ್ರವರಿ 21. ಮೆಕ್ಸಿಕೋ ಯುದ್ಧದ ಸೇನಾನಿಗಳನ್ನು ಗೌರವಿಸುವ ವಿಷಯ ಸದನದ ಮುಂದಿತ್ತು. ಆ ಯುದ್ಧವನ್ನೇ ವಿರೋಧಿಸಿದ್ದ ಆಡಮ್ಸ್ 'ಇಲ್ಲ' ಎಂದು ಮತ ಹಾಕಿದರು. ಸ್ವಲ್ಪ ಹೊತ್ತಿನಲ್ಲೇ ತಮ್ಮ ಜಾಗದಲ್ಲೇ ಕುಸಿದರು. ಅವರನ್ನು ಮನೆಗೂ ಒಯ್ಯಲಾಗಲಿಲ್ಲ. ಎರಡು ದಿನ ಸಭಾಧ್ಯಕ್ಷರ ಕೊಠಡಿಯಲ್ಲೇ ಮಲಗಿದ್ದು, ಅಲ್ಲಿಯೇ ಪ್ರಾಣ ಬಿಟ್ಟರು. ಅಂತ್ಯಕ್ರಿಯೆಯ ಏರ್ಪಾಡಿನ ಸಮಿತಿಯಲ್ಲಿ ಇಲಿನಾಯ್‌ನಿಂದ ಮೊದಲ ಸಲ ಆರಿಸಿಬಂದಿದ್ದ ಸದಸ್ಯನೊಬ್ಬನ ಹೆಸರಿತ್ತು: ಅಬ್ರಹಾಂ ಲಿಂಕನ್.