ಲೋಕಾಯುಕ್ತರು ಏನು ಮಾಡಬಹುದು, ಏನು ಮಾಡಕ್ಕಾಗಲ್ಲ?

ಪೇಪರು ತೆಗೆದರೆ ‘ಲೋಕಾಯುಕ್ತ ಬಲೆಗೆ ಸರ್ವೇಯರ್’ ಅಂತ ಒಂದು ಸುದ್ದಿ ಇದ್ದೇ ಇರ್ತದೆ. ಈ ಬಲೆ ಹೇಗೆ ಬೀಸ್ತಾರೆ ಗೊತ್ತಾ?

ಪಹಣಿ ತಿದ್ದಲು ಒಬ್ಬ ನೌಕರ ನಿಮ್ಮ ಅಪ್ಪನ ಹತ್ತಿರ ಲಂಚ ಕೇಳಿದ ಅಂತ ಇಟ್ಟುಕೊಳ್ಳಿ. ದುಡ್ಡು ಕೊಡುವ ಮೊದಲೇ ಲೋಕಾಯುಕ್ತ ಪೊಲೀಸರಿಗೆ ದೂರು ಕೊಡಬೇಕು. ಅವರು ಸಾಕ್ಷಿಗಳ ಎದುರಿಗೆ ನೋಟಿನ ನಂಬರು ಬರೆದುಕೊಂಡು, ನೋಟಿಗೆ ಫಿನಾಲ್ಫ್ಥಲೀನ್ ಪುಡಿ ಸವರುತ್ತಾರೆ. ನೌಕರ ಆ ನೋಟು ಮುಟ್ಟಿದ ಮೇಲೆ ಅವನ ಕೈಯನ್ನು ಸೋಡಾ ನೀರಲ್ಲಿ ಅದ್ದಿಸುತ್ತಾರೆ. ನೀರು ಗುಲಾಬಿ ಬಣ್ಣಕ್ಕೆ ತಿರುಗ್ತದೆ! ಸೋಡಾ ಪ್ರತ್ಯಾಮ್ಲ ಅಂತ ಹತ್ತನೇ ಕ್ಲಾಸಿನವರಿಗೆ ಗೊತ್ತು. ಆ ನೀರನ್ನೇ ಬಾಟಲಿಗೆ ಹಾಕಿ, ಸೀಲ್ ಮಾಡಿ ಕೋರ್ಟಿಗೆ ಕಳಿಸ್ತಾರೆ.

2018ರ ತಿದ್ದುಪಡಿ ಆದ ಮೇಲೆ ಲಂಚ ಕೊಡೋದೂ ಅಪರಾಧ. ಬಲವಂತಕ್ಕೆ ಕೊಟ್ಟವರು 7 ದಿನದೊಳಗೆ ದೂರು ಕೊಟ್ಟರೆ ಶಿಕ್ಷೆ ಇಲ್ಲ. ಲಂಚ ಕೇಳದೆ ಸುಮ್ಮನೆ ಓಡಾಡಿಸಿದರೂ ಲೋಕಾಯುಕ್ತಕ್ಕೆ ದೂರು ಕೊಡಬಹುದು. ಅದಕ್ಕೆ ನಮೂನೆ ತುಂಬಿ ಪ್ರಮಾಣಪತ್ರ ಲಗತ್ತಿಸಬೇಕು, ತೊಂದರೆ ಗೊತ್ತಾದ 6 ತಿಂಗಳೊಳಗೆ ಕೊಡಬೇಕು. ಸುಳ್ಳು ದೂರು ಕೊಟ್ಟವರಿಗೇ ಜೈಲಾಗಬಹುದು, ಹುಷಾರು.

ಆದರೆ ಲೋಕಾಯುಕ್ತರು ಯಾರನ್ನೂ ಶಿಕ್ಷಿಸಕ್ಕಾಗಲ್ಲ. ಬಲೆಗೆ ಬಿದ್ದವನ ಕೇಸು ಕೋರ್ಟಿಗೆ ಹೋಗ್ತದೆ. ಅಲ್ಲಿ ವಿಚಾರಣೆ ನಡೆಯಲು ಸರ್ಕಾರದ ಅನುಮತಿ ಬೇಕು. ಉಳಿದ ದೂರುಗಳಲ್ಲಿ ಅವರು ವಿಚಾರಣೆ ಮಾಡಿ ಸರ್ಕಾರಕ್ಕೆ ವರದಿ, ಶಿಫಾರಸು ಕಳಿಸ್ತಾರೆ. ಯಾರ ಮೇಲೆ ದೂರೋ ಅವರ ಸರ್ಕಾರಕ್ಕೇ! ಇದು ನನಗೆ ವಿಚಿತ್ರ ಅನ್ನಿಸ್ತದೆ.

ಹಾಗಾದರೆ ಸ್ವತಂತ್ರ ಸಂಸ್ಥೆ ಅನ್ನೋದು ಯಾಕೆ? 1984ರ ಕಾಯ್ದೆಯಂತೆ ಲೋಕಾಯುಕ್ತರು ನ್ಯಾಯಾಧೀಶರಾಗಿದ್ದವರೇ ಆಗಬೇಕು. ಮುಖ್ಯಮಂತ್ರಿ ಒಬ್ಬರೇ ಆರಿಸುವಂತಿಲ್ಲ. ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ, ಎರಡೂ ಸದನಗಳ ಅಧ್ಯಕ್ಷರು, ವಿರೋಧ ಪಕ್ಷದ ನಾಯಕರು ಎಲ್ಲರನ್ನೂ ಕೇಳಿ, ರಾಜ್ಯಪಾಲರಿಂದ ನೇಮಕ ಆಗಬೇಕು. ಅವಧಿ 5 ವರ್ಷ, ಎರಡನೇ ಸಲ ಇಲ್ಲ. ತೆಗೆಯಬೇಕಾದರೆ ಎರಡೂ ಸದನಗಳಲ್ಲಿ ಮೂರನೇ ಎರಡು ಭಾಗದ ಬಹುಮತ ಬೇಕು.

ಕಾಯ್ದೆ ಒಂದೇ ಇದ್ದರೂ ಕೂತವರ ಮೇಲೆ ಕೆಲಸ ಬದಲಾಗ್ತದೆ. 2001ರಿಂದ 2006ರವರೆಗೆ ಎನ್. ವೆಂಕಟಾಚಲ ಅವರು ಆಸ್ಪತ್ರೆ, ಕಚೇರಿಗಳಿಗೆ ಹೇಳದೆ ಕೇಳದೆ ನುಗ್ಗುತ್ತಿದ್ದರು. ಆಮೇಲೆ ಬಂದ ಎನ್. ಸಂತೋಷ್ ಹೆಗ್ಡೆ ಗಣಿ ಹಗರಣ ಕೆದಕಿದರು. ಬೇಲೆಕೇರಿ ಬಂದರಿನ ಅದಿರಿನ ವಿಚಾರದಲ್ಲಿ ಒಬ್ಬ ಪ್ರಾಮಾಣಿಕ ಅಧಿಕಾರಿಯನ್ನು ಸರ್ಕಾರ ಸಸ್ಪೆಂಡ್ ಮಾಡಲು ಹೊರಟಾಗ, 2010ರ ಜೂನ್‌ನಲ್ಲಿ ರಾಜೀನಾಮೆಯನ್ನೇ ಕೊಟ್ಟರು, ಜುಲೈನಲ್ಲಿ ವಾಪಸ್ ತಗೊಂಡರು. 2011ರ ಜುಲೈ 27ಕ್ಕೆ ಅವರ ಗಣಿ ವರದಿ ಬಂತು, 31ಕ್ಕೆ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ವರದಿಯೇ ತೀರ್ಪಲ್ಲ: 2016ರಲ್ಲಿ ಸಿಬಿಐ ಕೋರ್ಟು ಅವರನ್ನು ಖುಲಾಸೆ ಮಾಡಿತು.

2015ರಲ್ಲಿ ಲೋಕಾಯುಕ್ತ ಕಚೇರಿಯ ಮೇಲೇ ಲಂಚದ ಆರೋಪ ಬಂತು! ಆಗಿನ ಲೋಕಾಯುಕ್ತರು ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. ವರ್ಷಕ್ಕೂ ಮೇಲೆ ಕುರ್ಚಿ ಖಾಲಿ. ಅಷ್ಟರಲ್ಲೇ, 2016ರ ಮಾರ್ಚ್‌ನಲ್ಲಿ, ಸರ್ಕಾರ ಎಸಿಬಿ ಅಂತ ಬೇರೆ ದಳ ಕಟ್ಟಿ ಬಲೆ ಬೀಸೋ ಅಧಿಕಾರ ಅದಕ್ಕೆ ಕೊಟ್ಟಿತು. ಎಸಿಬಿ ಇದ್ದದ್ದು ಮುಖ್ಯಮಂತ್ರಿಗಳ ಕೈಕೆಳಗೆ. ಲೋಕಾಯುಕ್ತ ಹಲ್ಲಿಲ್ಲದ ಹಾವಾಯಿತು ಅಂತ ಜನ ಆಡಿಕೊಂಡರು. 2022ರ ಆಗಸ್ಟ್ 11ರಂದು ಹೈಕೋರ್ಟು ಎಸಿಬಿಯನ್ನು ರದ್ದು ಮಾಡಿತು. ಅದರ ಕೇಸುಗಳೆಲ್ಲ ಲೋಕಾಯುಕ್ತ ಪೊಲೀಸರಿಗೆ ವಾಪಸ್ ಬಂದವು.