ಮರುಬೆಳಗಿನ ಬಾಯಾರಿಕೆ

ಕುಡಿತದ ಮೇಲೆ ಉಪದೇಶ ಮಾಡುವುದು ನನ್ನ ಉದ್ದೇಶವಲ್ಲ. ಇರುಳು ಮಿತಿಮೀರಿ ಕುಡಿದವನು ಬೆಳಿಗ್ಗೆ ಒಣಗಿದ ನಾಲಿಗೆ, ತೊಳಸುವ ಹೊಟ್ಟೆಯೊಡನೆ ಎದ್ದಾಗ ಮನೆಯವರು ಮಾಡಬೇಕಾದುದೇನು ಎಂಬುದಷ್ಟೇ ನನ್ನ ವಿಷಯ.

ದೇಹದ ನೀರು ಮೂತ್ರವಾಗಿ ಹರಿದುಹೋಗದಂತೆ ಕಾಯುವ ಹಾರ್ಮೋನೊಂದು ಮಿದುಳಿನಿಂದ ಒಸರುತ್ತದೆ. ಮದ್ಯಸಾರ ಅದನ್ನು ಅಡಗಿಸುತ್ತದೆ; ಜಠರದ ಒಳಪೊರೆಯನ್ನೂ ಕೆರಳಿಸುತ್ತದೆ. ವಾಂತಿಯಾಯಿತೆಂದರೆ ನೀರಿನೊಡನೆ ಉಪ್ಪೂ ಹೋಯಿತು.

ಆಗ ಬರಿಯ ನೀರಿಗಿಂತ ಮೇಲಾದದ್ದು ಇದು: ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟಸವಾಗಿ 6 ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ಸಕ್ಕರೆ ಇಲ್ಲಿ ರುಚಿಗಲ್ಲ. ಕರುಳಿನ ಗೋಡೆಯನ್ನು ದಾಟುವಾಗ ಗ್ಲೂಕೋಸು ಉಪ್ಪಿನ ಸೋಡಿಯಮ್ಮನ್ನು ಜೊತೆಗೆ ಕರೆದೊಯ್ಯುತ್ತದೆ. ಅವೆರಡರ ಬೆನ್ನಿಗೆ ನೀರು. 1971ರಲ್ಲಿ ಪಶ್ಚಿಮ ಬಂಗಾಳದ ಬೊಂಗಾಂವ್‌ನಲ್ಲಿ, ಪೂರ್ವ ಬಂಗಾಳದ ನಿರಾಶ್ರಿತರ ನಡುವೆ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲಾನಬಿಸರು ಇಂಥ ದ್ರಾವಣವನ್ನೇ ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಸಾವಿನ ಬಾಯಲ್ಲಿದ್ದವರಿಗೆ ಎರೆದ ನೀರನ್ನು ಕುಡಿದು ನರಳುವವನಿಗೂ ಕೊಡಿರೆನ್ನಲು ನನಗೆ ಸಂಕೋಚವಿಲ್ಲ.

ಆದರೆ ಗಟಗಟನೆ ಕುಡಿಸಬಾರದು, ವಾಂತಿ ಮರುಕಳಿಸೀತು; ಗುಟುಕು ಗುಟುಕಾಗಿ ಕೊಡಬೇಕು. ಹೊಟ್ಟೆ ತಣಿದ ಮೇಲೆ ಅಕ್ಕಿಯ ಗಂಜಿ, ಉಪ್ಪು ಹಾಕಿದ ನೀರುಮಜ್ಜಿಗೆ. ತಲೆನೋವಿಗೆ ಕಾಲವೇ ಮದ್ದು. ಆಸ್ಪಿರಿನ್ ಕೆರಳಿದ ಜಠರವನ್ನು ಇನ್ನಷ್ಟು ಕೆರಳಿಸುತ್ತದೆ. ಮದ್ಯದ ಮೇಲೆ ಪ್ಯಾರಾಸಿಟಮಾಲ್ ಯಕೃತ್ತಿಗೆ ಹೊರೆಯಾಗಬಹುದು. ಬೆಳಿಗ್ಗೆ ಮತ್ತೊಂದು ಗುಟುಕು ಹಾಕಿದರೆ ಸರಿಹೋಗುತ್ತದೆಂಬ ಮಾತು ಯಾತನೆಯನ್ನು ಸಂಜೆಗೆ ಮುಂದೂಡುವ ಉಪಾಯ, ಅಷ್ಟೆ.

ವಾಂತಿಯಲ್ಲಿ ರಕ್ತ ಕಂಡರೆ, ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ, ನಿದ್ದೆಯಲ್ಲಿ ಇಳಿದೀತೆಂದು ಬಿಡಬೇಡಿ. ಏಳದವನ ಬಾಯಿಗೆ ಏನನ್ನೂ ಹಾಕದೆ, ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ.